ಆರ್.ಟಿ. ನಗರದ ಸೈಟು, ಹತ್ತು ವರ್ಷದ ಕರಾರು

ಹೊಲ ಮಾರಿ ಬೆಂಗಳೂರಲ್ಲಿ ಮನೆ ಕೊಳ್ಳುವವರಿಗಾಗಿ ಈ ಹಳೆಯ ಕಥೆ ಬರೆಯುತ್ತಿದ್ದೇವೆ.

1945ರ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ 1976ರಲ್ಲಿ ಬಿಡಿಎ ಆಯಿತು. ಆರ್.ಟಿ. ನಗರದಂಥ ಬಡಾವಣೆಗಳಲ್ಲಿ ಸೈಟು ಸಿಕ್ಕವರ ಕೈಗೆ ಮೊದಲು ಬರುತ್ತಿದ್ದುದು ಕ್ರಯಪತ್ರವಲ್ಲ, ಲೀಸ್-ಕಮ್-ಸೇಲ್ ಕರಾರು. (ನಮ್ಮೂರಿನ ಭೋಗ್ಯ ಬೇರೆ, ಇದು ಬೇರೆ.) ಪೂರ್ತಿ ದುಡ್ಡು ಕಟ್ಟಿದರೂ ಹತ್ತು ವರ್ಷ ಗುತ್ತಿಗೆದಾರರೇ, ಅಲ್ಲಿಯವರೆಗೆ ಮಾರುವಂತಿಲ್ಲ. ಸೈಟು ದಲ್ಲಾಳಿಗಳ ಪಾಲಾಗದಿರಲಿ ಎಂಬ ಲೆಕ್ಕಾಚಾರ ಸರಿಯೇ. ಆದರೆ ಮಗಳ ಮದುವೆ, ಕೈಸಾಲ ಹತ್ತು ವರ್ಷ ಕಾಯುತ್ತವೆಯೇ? ಜನ ಜಿಪಿಎ, ಅಗ್ರಿಮೆಂಟ್, ವಿಲ್ ಬರೆದುಕೊಟ್ಟು ಸೈಟು ದಾಟಿಸಿದರು. ಬರೆದುಕೊಟ್ಟವರು ತೀರಿಕೊಂಡರೆ ಅವರ ಮಕ್ಕಳು ತಕರಾರು ತೆಗೆಯುವ ಭಯ ಕೊಂಡವರಿಗೆ ತಪ್ಪಲಿಲ್ಲ.

2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಕಾಗದಗಳಿಂದ ಒಡೆತನ ಬಾರದು, ನೋಂದಣಿಯಾದ ಕ್ರಯಪತ್ರವೇ ಬೇಕು ಎಂದಿತು. ಹಳೆಯ ಕಾಗದ ಇಟ್ಟುಕೊಂಡವರು ಪ್ರಾಧಿಕಾರದಿಂದ ಸಕ್ರಮ ಕೇಳಲು ದಾರಿ ಬಿಟ್ಟಿತು. ಹಾಗಾಗಿ ದಲ್ಲಾಳಿ ಜಿಪಿಎ ತೋರಿಸಿದರೆ ಮುಂಗಡ ಕೊಡುವ ಮೊದಲೇ ಕೇಳಿ: ಬಿಡಿಎ ಕೊಟ್ಟ ಕ್ರಯಪತ್ರ ಎಲ್ಲಿದೆ?