ಯಾರಿಗೆ ಯಾವ ಪುಸ್ತಕ? ನೈರೋಬಿಯ ಒಂದು ಗ್ರಂಥಾಲಯದಿಂದ ನಮ್ಮ ಕಪಾಟಿನವರೆಗೆ

ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ರಿವರ್‌ಸೈಡ್ ಎಂಬ ಬಡಾವಣೆಯಿದೆ. ನದಿಯ ಪಕ್ಕದ ರಸ್ತೆ, ದೊಡ್ಡ ಮರಗಳು, ರಾಯಭಾರ ಕಚೇರಿಗಳು, ನೈರೋಬಿ ವಿಶ್ವವಿದ್ಯಾಲಯದ ಚಿರೋಮೊ ಆವರಣ. ನಮ್ಮ ಜೊತೆ ಇಲ್ಲಿ ಗಲ್ಫ್‌ನಲ್ಲಿ ದುಡಿಯುವ ಕೀನ್ಯಾದ ನರ್ಸುಗಳನ್ನೋ ಸೆಕ್ಯುರಿಟಿ ಗಾರ್ಡುಗಳನ್ನೋ ಕೇಳಿದರೆ, ಅದು ಸ್ಥಿತಿವಂತರ ಕಡೆ ಎಂದು ನಗುತ್ತಾರೆ. ನೂರು ವರ್ಷಗಳ ಹಿಂದೆಯೂ ಅದು ಹಾಗೆಯೇ ಇತ್ತು. ಚಿರೋಮೊ ಎಂಬುದು ವಿಲಿಯಂ ನಾರ್ತ್‌ರಪ್ ಮೆಕ್‌ಮಿಲನ್ ಎಂಬ ಅಮೆರಿಕನ್ ಶ್ರೀಮಂತನ ಮನೆಯ ಹೆಸರು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಬೇಟೆಗೆ ಬಂದಾಗ ಮೆಕ್‌ಮಿಲನ್ ದಂಪತಿಯ ಆತಿಥ್ಯ ಪಡೆದಿದ್ದರು.

1925ರಲ್ಲಿ ಮೆಕ್‌ಮಿಲನ್ ತೀರಿಕೊಂಡ. ಹೆಂಡತಿ ಲೂಸಿ ಗಂಡನ ನೆನಪಿಗೆ ಊರ ನಡುವೆ ಒಂದು ಗ್ರಂಥಾಲಯ ಕಟ್ಟಿಸಿದಳು. ಅಮೆರಿಕದ ಕಾರ್ನೆಗಿ ಸಂಸ್ಥೆಯ ನೆರವೂ ಅದಕ್ಕಿತ್ತು. 1931ರಲ್ಲಿ ಅದು ತೆರೆಯಿತು. ಜಾಮಿಯಾ ಮಸೀದಿಯ ಪಕ್ಕದಲ್ಲಿ, ಎತ್ತರದ ಕಂಬಗಳ ಆ ಕಟ್ಟಡ ಇಂದಿಗೂ ನಿಂತಿದೆ. ಮೆಟ್ಟಿಲ ಎರಡೂ ಬದಿಗೆ ಕಲ್ಲಿನ ಸಿಂಹಗಳಿವೆ. ಅದನ್ನು ಕಾಪಾಡಲೆಂದೇ 1938ರಲ್ಲಿ ಒಂದು ಪ್ರತ್ಯೇಕ ಕಾನೂನು ಬಂತು.

ಆದರೆ ಆ ಸಿಂಹಗಳನ್ನು ದಾಟಿ ಒಳಗೆ ಹೋಗುವ ಹಕ್ಕು ಬಿಳಿಯರಿಗೆ ಮಾತ್ರ ಇತ್ತು. ನೈರೋಬಿ ಹುಟ್ಟಿದ್ದೇ 1899ರಲ್ಲಿ, ರೈಲು ಹಾದಿಯ ಒಂದು ಡಿಪೋ ಆಗಿ. ಆ ಹಾದಿಯನ್ನು ಹಾಕಲು ಭಾರತದಿಂದ ಸುಮಾರು 32,000 ಕೂಲಿಕಾರರನ್ನು ಕರೆದೊಯ್ದಿದ್ದರು. ಅವರಲ್ಲಿ ಸುಮಾರು 2,500 ಜನ ಅಲ್ಲೇ ಸತ್ತರು. ಊರು ಕಟ್ಟಿದ ಕೈಗಳ ಮಕ್ಕಳಿಗೂ, ಆ ನೆಲದ ಮಕ್ಕಳಿಗೂ ಊರಿನ ದೊಡ್ಡ ಗ್ರಂಥಾಲಯದಲ್ಲಿ ಜಾಗವಿರಲಿಲ್ಲ. 1950ರ ದಶಕದ ಕೊನೆಯವರೆಗೂ ಹೀಗೇ ನಡೆಯಿತು. ಪುಸ್ತಕಗಳು ಇದ್ದವು, ಗ್ರಂಥಪಾಲಕರೂ ಇದ್ದರು. ‘ಇದನ್ನು ಓದಿ ನೋಡಿ’ ಎಂದು ಅವರು ಹೇಳಬಹುದಾದ ಓದುಗರಲ್ಲಿ ಹೆಚ್ಚಿನವರು ಮಾತ್ರ ಬಾಗಿಲ ಹೊರಗಿದ್ದರು.

ಅದೇ 1931, ನಮ್ಮ ಕಡೆ

ಅದೇ ವರ್ಷ ಮದ್ರಾಸಿನಲ್ಲಿ ಒಂದು ಪುಸ್ತಕ ಅಚ್ಚಾಯಿತು. ಬರೆದವರು ಶಿಯಾಳಿ ರಾಮಾಮೃತ ರಂಗನಾಥನ್. ಅವರು ಗಣಿತದ ಮೇಷ್ಟರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಮೊದಲು ಆ ಕೆಲಸ ಅವರಿಗೆ ಬೇಸರ ತರಿಸಿ, ಮತ್ತೆ ಪಾಠ ಮಾಡಲು ಕಳಿಸಿ ಎಂದು ಕೇಳಿಕೊಂಡಿದ್ದರಂತೆ. ಆಮೇಲೆ ಲಂಡನ್ನಿಗೆ ತರಬೇತಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳು ನಡೆಯುವ ರೀತಿ ಕಂಡು ಬಂದ ಮೇಲೆ ಬೇರೆಯೇ ಮನುಷ್ಯರಾದರು.

ಆ ಪುಸ್ತಕದಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಪುಸ್ತಕ ಇರುವುದು ಬೀಗ ಹಾಕಿಡಲಿಕ್ಕಲ್ಲ, ಬಳಸಲಿಕ್ಕೆ. ಪ್ರತಿ ಓದುಗನಿಗೂ ಅವನದೇ ಆದ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಸಮಯ ಉಳಿಯಬೇಕು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವ.

ಎರಡನೆಯ ಸೂತ್ರವನ್ನು ವಿವರಿಸುವಾಗ ರಂಗನಾಥನ್ ಹೆಂಗಸರು, ಹಳ್ಳಿಯವರು, ಆಸ್ಪತ್ರೆಯ ರೋಗಿಗಳು, ಜೈಲಿನಲ್ಲಿರುವವರು, ಹಡಗಿನಲ್ಲಿ ದುಡಿಯುವವರು, ಹೀಗೆ ಎಲ್ಲರ ಲೆಕ್ಕ ತೆಗೆಯುತ್ತಾರೆ. ನೈರೋಬಿಯಲ್ಲಿ ಬಣ್ಣ ನೋಡಿ ಬಾಗಿಲು ತೆರೆಯುವ ಗ್ರಂಥಾಲಯ ಶುರುವಾದ ವರ್ಷವೇ ಇಲ್ಲಿ ಒಬ್ಬರು ಬಾಗಿಲೇ ಇರಬಾರದು ಎಂಬಂತೆ ಬರೆದರು. ಬರೆದು ಸುಮ್ಮನಾಗಲಿಲ್ಲ. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರಗುಡಿಯಲ್ಲಿ ಕನಕಸಭೈ ಪಿಳ್ಳೆ ಎಂಬ ಎಂಜಿನಿಯರು ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಸಿ ಹಳ್ಳಿ ಹಳ್ಳಿಗೆ ಕಳಿಸಿದರು. ಅದಕ್ಕೆ ಚಾಲನೆ ಕೊಟ್ಟವರು ರಂಗನಾಥನ್.

ಮೂರನೆಯ ಸೂತ್ರವೇ ಈ ಬರಹದ ಮುಖ್ಯ ವಿಷಯ. ಪುಸ್ತಕ ತಾನಾಗಿ ಎದ್ದು ಓದುಗನ ಹತ್ತಿರ ಹೋಗಲಾರದು. ನಡುವೆ ಒಬ್ಬ ಮನುಷ್ಯ ಬೇಕು. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಲ್ಲುವ ನನಗೆ ಈ ಮಾತು ಬೇಗ ಅರ್ಥವಾಗುತ್ತದೆ. ಶೆಲ್ಫಿನಲ್ಲಿ ಸಾವಿರ ಔಷಧ ಇದ್ದರೂ ಎದುರಿಗಿರುವವರ ವಯಸ್ಸೇನು, ಬೇರೆ ಏನು ತೆಗೆದುಕೊಳ್ಳುತ್ತಿದ್ದಾರೆ, ಹೇಳಿದ್ದು ಅವರಿಗೆ ಗೊತ್ತಾಯಿತೇ ಎಂದು ಕೇಳದೆ ಕೊಟ್ಟರೆ ಕೆಲಸ ಅರ್ಧ ಆದಂತೆ. ಒಳ್ಳೆಯ ಗ್ರಂಥಪಾಲಕರು ಮಾಡುವುದೂ ಇದನ್ನೇ. ಇತ್ತೀಚೆಗೆ ತಾವು ಓದಿ ಮೆಚ್ಚಿದ ಪುಸ್ತಕಗಳ ಹೆಸರನ್ನು ಗ್ರಂಥಾಲಯದ ಸಿಬ್ಬಂದಿ ಚೀಟಿ ಬರೆದು ಹಚ್ಚುವ ಪದ್ಧತಿ ಈಗ ಹಲವು ದೇಶಗಳಲ್ಲಿದೆ. ನೋಡಲು ಸಣ್ಣ ಕೆಲಸ. ಆದರೆ ಅದರ ಹಿಂದೆ ‘ನೀನೂ ಓದಬಲ್ಲೆ, ನಿನಗೂ ಇದು ಸೇರಿದ್ದು’ ಎಂಬ ಮಾತಿದೆ. ಮೆಕ್‌ಮಿಲನ್ ಗ್ರಂಥಾಲಯ ಮೂರು ದಶಕಗಳ ಕಾಲ ನೈರೋಬಿಯ ಬಹುಪಾಲು ಜನರಿಗೆ ಹೇಳದೆ ಉಳಿದ ಮಾತು ಅದೇ.

ಧಾರವಾಡದಲ್ಲಿ ಓದಿದ ನೈರೋಬಿಯ ಹುಡುಗ

ಬಾಗಿಲು ಮುಚ್ಚಿದ ಕಡೆ ಜನ ತಮ್ಮದೇ ಬಾಗಿಲು ಮಾಡಿಕೊಳ್ಳುತ್ತಾರೆ. ನೈರೋಬಿಯ ಭಾರತೀಯರು ಮಣಿಲಾಲ್ ಅಂಬಾಲಾಲ್ ದೇಸಾಯಿ ಎಂಬ ನಾಯಕನ ಹೆಸರಿನಲ್ಲಿ ಒಂದು ಸ್ಮಾರಕ ಭವನ ಮತ್ತು ಗ್ರಂಥಾಲಯ ಕಟ್ಟಿಕೊಂಡರು. ಈ ದೇಸಾಯಿ ‘ಈಸ್ಟ್ ಆಫ್ರಿಕನ್ ಕ್ರಾನಿಕಲ್’ ಪತ್ರಿಕೆಯ ಸಂಪಾದಕರಾಗಿದ್ದರು. ಹ್ಯಾರಿ ಥುಕು ಎಂಬ ಆಫ್ರಿಕನ್ ನಾಯಕನಿಗೆ ತಮ್ಮ ಮುದ್ರಣಾಲಯದ ಸಹಾಯ ಕೊಟ್ಟರು. 1926ರಲ್ಲಿ ತೀರಿಕೊಂಡರು. ಅವರ ಹೆಸರಿನ ಭವನ ಮುಂದೆ ಸಭೆ, ಚರ್ಚೆ, ಓದು ಎಲ್ಲದಕ್ಕೂ ನೆಲೆಯಾಯಿತು.

ಆ ಭವನದ ಕಚೇರಿಯಲ್ಲಿ ಕೂತು ಕೆಲಸ ಮಾಡಿದವರಲ್ಲಿ ಪಿಯೊ ಗಾಮಾ ಪಿಂಟೊ ಒಬ್ಬರು. ಕನ್ನಡಿಗರಾದ ನಾವು ಈ ಹೆಸರನ್ನು ನೆನಪಿಡಬೇಕು. 1927ರಲ್ಲಿ ನೈರೋಬಿಯಲ್ಲಿ ಗೋವಾ ಮೂಲದ ಮನೆಯಲ್ಲಿ ಹುಟ್ಟಿದ ಪಿಂಟೊ ಓದಲು ಭಾರತಕ್ಕೆ ಬಂದರು. ಶಾಲೆ ಮುಗಿದ ಮೇಲೆ ಎರಡು ವರ್ಷ ವಿಜ್ಞಾನ ಓದಿದ್ದು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಆಮೇಲೆ ವಾಯುಪಡೆಯಲ್ಲಿ ಕೆಲಸ, ಗೋವಾ ಬಿಡುಗಡೆಯ ಹೋರಾಟ. ಪೋರ್ಚುಗೀಸರು ಹಿಡಿಯುತ್ತಾರೆಂದು ತಿಳಿದು ಕೀನ್ಯಾಕ್ಕೆ ಮರಳಿದರು. ಅಲ್ಲಿ ಆಫ್ರಿಕನ್ನರ ಸ್ವಾತಂತ್ರ್ಯ ಹೋರಾಟಕ್ಕೆ ಕೈಜೋಡಿಸಿದರು. 1954ರಿಂದ 1959ರವರೆಗೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಹೊರಬಂದ ಮೇಲೆ ಪತ್ರಿಕೆಗಳನ್ನು ಕಟ್ಟಿದರು, ಸಂಸತ್ ಸದಸ್ಯರಾದರು.

1965ರ ಫೆಬ್ರುವರಿ 24ರಂದು, ರಿವರ್‌ಸೈಡ್‌ಗೆ ಹತ್ತಿರದ ವೆಸ್ಟ್‌ಲ್ಯಾಂಡ್ಸ್‌ನ ತಮ್ಮ ಮನೆಯಂಗಳದಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಕೊಲೆ ಅದು. ಅವರಿಗೆ ಆಗ ನಲವತ್ತೂ ತುಂಬಿರಲಿಲ್ಲ. ಪರದೇಶಕ್ಕೆ ಹೋದವನು ತನ್ನ ದುಡಿಮೆ, ತನ್ನ ಕುಟುಂಬ ಅಷ್ಟೇ ನೋಡಿಕೊಂಡರೆ ಸಾಕೇ ಎಂಬ ಪ್ರಶ್ನೆಗೆ ಅವರ ಬದುಕು ಒಂದು ಉತ್ತರ. ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ, ಹೋಗಲೂ ಆಗದು. ಆದರೆ ಧಾರವಾಡದ ಆ ಹಳೆಯ ಕಾಲೇಜಿನ ಮುಂದೆ ಹಾದು ಹೋಗುವಾಗ ಅವರನ್ನು ನೆನೆಯಬಹುದು.

ಕಾನೂನು, ಗಾಡಿ, ಒಂಟೆ

1965 ಇನ್ನೊಂದು ಕಾರಣಕ್ಕೂ ಮುಖ್ಯ. ಅದೇ ವರ್ಷ ಕೀನ್ಯಾದಲ್ಲಿ ರಾಷ್ಟ್ರೀಯ ಗ್ರಂಥಾಲಯ ಸೇವೆಗೆ ಕಾನೂನು ಬಂತು. ಅದೇ ವರ್ಷ ನಮ್ಮ ಮೈಸೂರು ರಾಜ್ಯದಲ್ಲೂ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆಯಿತು. ನಾವು ಊರಿನಲ್ಲಿ ಮನೆ ಕಂದಾಯ ಕಟ್ಟುವಾಗ ರಶೀದಿಯಲ್ಲಿ ‘ಗ್ರಂಥಾಲಯ ಕರ’ ಎಂದು ಬರುತ್ತದಲ್ಲ, ಅದು ಈ ಕಾಯಿದೆಯ ಫಲ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ, ರಾಜ್ಯ ಕೇಂದ್ರ ಗ್ರಂಥಾಲಯದ ನೆಲೆ. ರಂಗನಾಥನ್ ಅವರೂ ಕೊನೆಗಾಲದಲ್ಲಿ ಬೆಂಗಳೂರಿಗೇ ಬಂದು ನೆಲೆಸಿದರು. 1962ರಲ್ಲಿ ಅಲ್ಲಿ ಒಂದು ಸಂಶೋಧನಾ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜನ್ಮದಿನ ಆಗಸ್ಟ್ 12 ಭಾರತದಲ್ಲಿ ಗ್ರಂಥಪಾಲಕರ ದಿನ.

ಆದರೆ ಕನ್ನಡಿಗರ ಕೈಗೆ ಪುಸ್ತಕ ಕೊಟ್ಟವರು ಸರ್ಕಾರದವರು ಮಾತ್ರ ಅಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮನೆಯ ಮುಂದೆ ನಿಂತು ‘ಇದನ್ನು ಓದಿರಿ’ ಎಂದು ಹೇಳಿದ ಲೇಖಕ ಅವರು. ಆಮೇಲೆ ಪೇಟೆಗಳಲ್ಲಿ ಬಾಡಿಗೆ ಪುಸ್ತಕದ ಅಂಗಡಿಗಳು ಬಂದವು. ದಿನಕ್ಕೆ ಇಷ್ಟು ಪೈಸೆ ಎಂದು ಕೊಟ್ಟು ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ನಮ್ಮ ಅಮ್ಮಂದಿರು ಓದಿದರು. ಗಂಡಸರು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದಿದರು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ನರಸಿಂಹಯ್ಯ ಬರೆದದ್ದು ಐನೂರಕ್ಕೂ ಹೆಚ್ಚು. ಆ ಅಂಗಡಿಯವನಿಗೆ ಯಾರಿಗೆ ಏನು ಹಿಡಿಸುತ್ತದೆ ಎಂಬುದು ಬಾಯಿಪಾಠ. ‘ಹೊಸದು ಬಂದಿದೆ, ನಿಮಗೆಂದೇ ಎತ್ತಿಟ್ಟಿದ್ದೇನೆ’ ಎನ್ನುತ್ತಿದ್ದವನು ರಂಗನಾಥನ್ ಅವರ ಮೂರನೆಯ ಸೂತ್ರವನ್ನು ಓದದೆಯೇ ಪಾಲಿಸಿದವನು.

ಕೀನ್ಯಾದಲ್ಲಿ ಇದಕ್ಕೆ ಇನ್ನೊಂದು ರೂಪ. ಗಾರಿಸ್ಸಾ ಎಂಬ ಬರಗಾಲದ ಸೀಮೆಯಲ್ಲಿ 1996ರಲ್ಲಿ ಒಂಟೆಯ ಮೇಲೆ ಗ್ರಂಥಾಲಯ ಶುರುವಾಯಿತು. ಒಂದು ಒಂಟೆಯ ಮೇಲೆ ಪುಸ್ತಕದ ಪೆಟ್ಟಿಗೆ, ಇನ್ನೊಂದರ ಮೇಲೆ ಡೇರೆ. ದನ ಮೇಯಿಸಿಕೊಂಡು ಜಾಗ ಬದಲಿಸುವ ಜನರ ಮಕ್ಕಳ ಬಳಿಗೆ ಗ್ರಂಥಪಾಲಕರೇ ಹೋಗುತ್ತಾರೆ. ದಾರಿಬದಿಯಲ್ಲಿ ಒಂಟೆ ನೋಡಿ ಅಭ್ಯಾಸವಾದ ನಮಗೆ ಇದು ಹೊಸ ನೋಟ.

ಈಗ ಸಿಂಹಗಳ ಒಳಗೆ

ಮೆಕ್‌ಮಿಲನ್ ಗ್ರಂಥಾಲಯ ಸ್ವಾತಂತ್ರ್ಯದ ಹೊತ್ತಿಗೆ ನಗರಸಭೆಯ ಕೈಸೇರಿ ಎಲ್ಲರಿಗೂ ತೆರೆದಿತ್ತು. ಆದರೆ ಕಾಲ ಕಳೆದಂತೆ ಸೊರಗಿತು. 2017ರಲ್ಲಿ ಏಂಜೆಲಾ ವಾಚುಕಾ ಎಂಬ ಪ್ರಕಾಶಕಿ ಮತ್ತು ವಾಂಜಿರು ಕೊಯ್ನಾಂಗೆ ಎಂಬ ಕಾದಂಬರಿಕಾರ್ತಿ ಸೇರಿ ‘ಬುಕ್ ಬಂಕ್’ ಎಂಬ ಸಂಸ್ಥೆ ಕಟ್ಟಿದರು. ಮೆಕ್‌ಮಿಲನ್ ಜೊತೆಗೆ, ದುಡಿಯುವ ಜನ ವಾಸಿಸುವ ಕಲೋಲೆನಿ ಮತ್ತು ಮಕದಾರಾ ಬಡಾವಣೆಗಳ ಶಾಖೆಗಳನ್ನೂ ಸರಿಪಡಿಸಲು ಹೊರಟರು. ಸಣ್ಣ ಶಾಖೆಗಳ ಕೆಲಸವನ್ನೇ ಮೊದಲು ಮುಗಿಸಿದರು. ಇದು ನನಗೆ ತುಂಬ ಹಿಡಿಸಿದ ಸಂಗತಿ. ಬಿಳಿಯರಿಗಷ್ಟೇ ಎಂದು ಕಟ್ಟಿದ ಮನೆಯನ್ನು ಸರಿಪಡಿಸಲು ಮುಂದೆ ಬಂದವರು ಇಬ್ಬರು ಆಫ್ರಿಕನ್ ಹೆಣ್ಣುಮಕ್ಕಳು.

ನಮ್ಮ ಕಡೆಯೂ ಇಂಥವರಿದ್ದಾರೆ. ಮೈಸೂರಿನ ರಾಜೀವನಗರದಲ್ಲಿ ದಿನಗೂಲಿ ಮಾಡುತ್ತಿದ್ದ ಸೈಯದ್ ಇಸಾಕ್ ಅವರು ಕನ್ನಡ ಪುಸ್ತಕ, ಪತ್ರಿಕೆಗಳ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ನಾಡಿನ ಮೂಲೆ ಮೂಲೆಯಿಂದ ಜನ ನೆರವಿಗೆ ಬಂದರು. ತನಗೆ ಶಾಲೆ ಸಿಗದಿದ್ದರೂ ಬೇರೆಯವರಿಗೆ ಓದು ಸಿಗಲಿ ಎಂದವರು ಅವರು.

ಓದಲು ಬಾರದವರ ಕತೆಯೇನು ಎಂದು ಕೆಲವರು ಕೇಳುತ್ತಾರೆ. ಇದಕ್ಕೂ ಕೀನ್ಯಾದಲ್ಲಿ ಉತ್ತರವಿದೆ. ಗೂಗಿ ವಾ ಥಿಯಾಂಗೊ 1978ರಲ್ಲಿ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದಾಗ ಶೌಚಾಲಯದ ಕಾಗದದ ಮೇಲೆ ತಮ್ಮ ತಾಯ್ನುಡಿ ಗಿಕುಯುವಿನಲ್ಲಿ ಒಂದು ಕಾದಂಬರಿ ಬರೆದರು. 1980ರಲ್ಲಿ ಅಚ್ಚಾದಾಗ ಜನ ಅದನ್ನು ಗುಂಪಾಗಿ ಕೂತು ಓದಿಸಿಕೊಂಡು ಕೇಳಿದರಂತೆ. ಮನೆಯಲ್ಲಿ ಓದು ಬಲ್ಲ ಒಬ್ಬರು ಓದುವುದು, ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಓದುವುದು. ಬಾರಿನಲ್ಲಿ ಓದುವವನು ರೋಚಕ ಜಾಗಕ್ಕೆ ಬಂದಾಗ ನಿಲ್ಲಿಸಿ, ಗ್ಲಾಸು ತುಂಬಿಸಿದ ಮೇಲೆ ಮುಂದುವರಿಸುತ್ತಿದ್ದನೆಂದು ಗೂಗಿ ಬರೆದಿದ್ದಾರೆ. ಜಗಲಿಯಲ್ಲಿ ಕುಮಾರವ್ಯಾಸನನ್ನು ಓದಿಸಿ ಕೇಳಿದ ನಮ್ಮ ಅಜ್ಜಂದಿರಿಗೆ ಇದು ಹೊಸದೇನಲ್ಲ. ಗೂಗಿ 2025ರ ಮೇ ತಿಂಗಳಲ್ಲಿ ತೀರಿಕೊಂಡರು.

ನನ್ನ ಚೀಟಿಗಳು

ಗ್ರಂಥಪಾಲಕರ ರೀತಿಯಲ್ಲಿ ನಾನೂ ನಾಲ್ಕು ಚೀಟಿ ಬರೆದಿಡುತ್ತೇನೆ.

ಬಾನು ಮುಷ್ತಾಕ್ ಅವರ ಕತೆಗಳು. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಕನ್ನಡಕ್ಕೆ ಆ ಗೌರವ ಮೊದಲ ಸಲ. ‘ಎದೆಯ ಹಣತೆ’ಯನ್ನು ಕನ್ನಡದಲ್ಲೇ ಓದಿ. ಊರಿನಲ್ಲಿ ಹೆಂಡತಿ, ಅಕ್ಕ ತಂಗಿಯರನ್ನು ಬಿಟ್ಟು ಬಂದ ಗಂಡಸರು ಮೊದಲು ಓದಿ.

ಎಂ.ಜಿ. ವಾಸಂಜಿ ಅವರ ‘ದಿ ಇನ್‌ಬಿಟ್ವೀನ್ ವರ್ಲ್ಡ್ ಆಫ್ ವಿಕ್ರಮ್ ಲಾಲ್’. ರೈಲು ಹಾಕಲು ಹೋದವನ ಮೊಮ್ಮಗನ ಕತೆ. ಎರಡು ನೆಲದ ನಡುವೆ ಯಾವುದೂ ಪೂರ್ತಿ ತನ್ನದಲ್ಲ ಎನಿಸುವವರಿಗೆ.

ವಾಂಜಿರು ಕೊಯ್ನಾಂಗೆ ಅವರ ‘ದಿ ಹ್ಯಾವಕ್ ಆಫ್ ಚಾಯ್ಸ್’. 2007ರ ಚುನಾವಣೆಯ ನಂತರ ಕೀನ್ಯಾದಲ್ಲಿ ನಡೆದ ಹಿಂಸೆಯ ಹಿನ್ನೆಲೆ. ಜಾತಿ, ಕುಲದ ಹೆಸರಿನಲ್ಲಿ ಮತ ಕೇಳುವ ಊರಿನಿಂದ ಬಂದ ನಮಗೆ ವಿವರಿಸಬೇಕಿಲ್ಲ.

ಬೆನ್ಯಾಮಿನ್ ಅವರ ‘ಆಡುಜೀವಿತಂ’. 2008ರ ಮಲಯಾಳಂ ಕಾದಂಬರಿ. ಸೌದಿಯ ಮರುಭೂಮಿಯಲ್ಲಿ ಆಡಿನ ಕೊಟ್ಟಿಗೆಗೆ ಸಿಕ್ಕಿಬಿದ್ದ ನಜೀಬನ ಕತೆ. ಇದನ್ನು ಒಬ್ಬರೇ ಓದಬೇಡಿ, ರೂಮಿನಲ್ಲಿ ನಾಲ್ಕು ಜನ ಇದ್ದಾಗ ಓದಿ.

ಕೊನೆಯದಾಗಿ ಒಂದು ಸಲಹೆ. ಬಹಳಷ್ಟು ಕನ್ನಡ ಸಂಘಗಳಲ್ಲಿ ಪುಸ್ತಕದ ಕಪಾಟು ಇದೆ. ರಜೆಯಿಂದ ಬಂದವರು ಬ್ಯಾಗಿನಲ್ಲಿ ತಂದ ಪುಸ್ತಕಗಳು ಅಲ್ಲಿ ಕೂತಿರುತ್ತವೆ. ಅದರ ಪಕ್ಕ ಒಂದು ನೋಟ್‌ಬುಕ್ ಇಡೋಣ. ಓದಿದವರು ಪುಸ್ತಕದ ಹೆಸರು ಬರೆದು, ಇದು ಯಾರಿಗೆ ಹಿಡಿಸೀತು ಎಂದು ಎರಡು ಸಾಲು ಬರೆಯಲಿ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಬೇರೊಬ್ಬರು ಬರೆದುಕೊಳ್ಳಲಿ. ಸಂಘದ ಕಚೇರಿಗೆ ಬರಲು ವಾಹನವಿಲ್ಲದ ಕ್ಯಾಂಪಿನವರಿಗೆ ಶುಕ್ರವಾರಕ್ಕೊಮ್ಮೆ ಒಂದು ಚೀಲ ಪುಸ್ತಕ ಯಾರಾದರೂ ಕಾರಿನಲ್ಲಿ ಒಯ್ಯಲಿ. ಎತ್ತಿನ ಗಾಡಿಯಲ್ಲೂ ಒಂಟೆಯ ಮೇಲೂ ಆದ ಕೆಲಸ, ನಮ್ಮ ಕಾರಿನ ಡಿಕ್ಕಿಯಲ್ಲಿ ಆಗದೇ?