ಬೆಟ್ಟಿ ಬೂಪ್‌ಗೆ ದನಿ ಕೊಟ್ಟವರು ಯಾರು?

ತೊಗಲು ಗೊಂಬೆಯಾಟ ನೋಡಿದ ಹಿರಿಯರಿಗೆ ಬಂಗಾರಕ್ಕ ಗೊತ್ತು. ದೇವರ ಕಥೆಯ ನಡುವೆ ಕಿಳ್ಳೇಕ್ಯಾತನ ಜೊತೆ ಬಂದು ಜಗಳವಾಡಿ, ಪೋಲಿ ಮಾತಾಡಿ, ಊರನ್ನೇ ನಗಿಸುವವಳು. ಪರದೆ ಮೇಲೆ ಕುಣಿಯುವುದು ಗೊಂಬೆ, ಮಾತಾಡುವುದು ಪರದೆ ಹಿಂದೆ ಕೂತವರು.

ಅಮೆರಿಕದ ಟಾಕೀಸುಗಳಲ್ಲೂ ಹೀಗೆ ಪರದೆ ಮೇಲೆ ಕುಣಿದ ಒಬ್ಬಳಿದ್ದಳು. ಹೆಸರು ಬೆಟ್ಟಿ ಬೂಪ್. ದೊಡ್ಡ ಕಣ್ಣು, ಗುಂಗುರು ಕೂದಲು, ಗಿಡ್ಡ ಲಂಗ, ಮಗುವಿನಂಥ ದನಿ. 1930ರಲ್ಲಿ ಮ್ಯಾಕ್ಸ್ ಫ್ಲೈಷರ್ ಅವರ ಸ್ಟುಡಿಯೋ ಅವಳನ್ನು ತೆರೆಗೆ ತಂದಿತು. ಬರೆದವರು ಗ್ರಿಮ್ ನ್ಯಾಟ್ವಿಕ್. ಮೊದಲ ಚಿತ್ರದಲ್ಲಿ ಅವಳು ಪೂರ್ತಿ ಹೆಣ್ಣೂ ಅಲ್ಲ, ನಾಯಿಯ ಜೋಲು ಕಿವಿ ಇತ್ತು. 1932ರ ಹೊತ್ತಿಗೆ ಆ ಕಿವಿ ಹೋಗಿ ಓಲೆ ಬಂತು.

ಅದೇ 1932ರಲ್ಲಿ ಹೆಲೆನ್ ಕೇನ್ ಎಂಬ ಗಾಯಕಿ ಕೋರ್ಟಿಗೆ ಹೋದರು. ‘ಈ ಗೊಂಬೆ ನನ್ನ ಮುಖ, ನನ್ನ ಹಾಡುವ ರೀತಿ ಕದ್ದಿದೆ’ ಎಂಬುದು ಅವರ ದೂರು. ಕೇಳಿದ ಪರಿಹಾರ ಎರಡೂವರೆ ಲಕ್ಷ ಡಾಲರ್.

1934ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆದಾಗ ಇನ್ನೊಂದು ಹೆಸರು ಹೊರಬಂತು: ಬೇಬಿ ಎಸ್ತರ್. ಕಪ್ಪು ಜನಾಂಗದ ಪುಟ್ಟ ಹುಡುಗಿ, ವೇದಿಕೆಗಳಲ್ಲಿ ಹಾಡಿ ಕುಣಿಯುತ್ತಿದ್ದವಳು. ಹಾಡಿನ ನಡುವೆ ಅರ್ಥವಿಲ್ಲದ ಮುದ್ದು ಶಬ್ದ ಸೇರಿಸಿ ಹಾಡುವುದನ್ನು ಕೇನ್‌ಗಿಂತ ಮೊದಲೇ ಅವಳು ಮಾಡುತ್ತಿದ್ದಳು ಎಂದು ಅವಳ ಮ್ಯಾನೇಜರ್ ಸಾಕ್ಷಿ ಹೇಳಿದರು. ಅವಳು ಹಾಡುವ ಫಿಲ್ಮನ್ನೂ ಕೋರ್ಟಿನಲ್ಲಿ ತೋರಿಸಿದರು. ಕೇನ್ ಸೋತರು, ಸ್ಟುಡಿಯೋ ಗೆದ್ದಿತು. ಎಸ್ತರ್‌ಗೆ? ಅವಳು ಆ ಕೇಸಿನ ಕಕ್ಷಿದಾರಳೇ ಅಲ್ಲ. ತೀರ್ಪಿನಿಂದ ಅವಳ ಕೈಗೆ ಒಂದು ಕಾಸೂ ಬರಲಿಲ್ಲ. ಅವಳ ಹೆಸರು ಸ್ಟುಡಿಯೋ ಬಚಾವಾಗುವುದಕ್ಕೆ ಬೇಕಾಯಿತು, ಅಷ್ಟೆ.

ಅದೇ ವರ್ಷ ಅಮೆರಿಕದ ಸಿನಿಮಾ ನೀತಿಸಂಹಿತೆ ಬಿಗಿಯಾಯಿತು. ಬೆಟ್ಟಿಯ ಲಂಗ ಉದ್ದವಾಯಿತು, ತುಂಟಾಟ ಕಡಿಮೆಯಾಯಿತು. 1939ರಲ್ಲಿ ಅವಳ ಚಿತ್ರಗಳೇ ನಿಂತವು. ಆದರೂ ಅವಳ ಮುಖ ಬಟ್ಟೆ, ಬ್ಯಾಗುಗಳ ಮೇಲೆ ಇಂದಿಗೂ ಮಾರಾಟವಾಗುತ್ತಿದೆ.

ಈ ಹಳೇ ಕಥೆ ನಮಗೇಕೆ ಬೇಕು? ಗೊಂಬೆಗೆ ಜೀವ ಕೊಡುವ ಕೆಲಸ ಈಗ ನಮ್ಮ ಹತ್ತಿರವೇ ಬಂದಿದೆ. 1996ರಲ್ಲಿ ಶುರುವಾದ ಸೃಷ್ಟಿ ವಿನ್ಯಾಸ ಸಂಸ್ಥೆ ಯಲಹಂಕ ಉಪನಗರದಲ್ಲಿದೆ. ಅನಿಮೇಷನ್ ಉದ್ಯಮಕ್ಕೆಂದೇ ರಾಜ್ಯ ಸರ್ಕಾರ 2012ರಲ್ಲಿ ನೀತಿ ತಂದಿತು. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಮಕ್ಕಳಿಗೂ ಈ ಕಸುಬು ದೂರದ ಮಾತಲ್ಲ. ನಾಳೆ ಅವರಲ್ಲೊಬ್ಬರು ಬಂಗಾರಕ್ಕನನ್ನೇ ಕಂಪ್ಯೂಟರಿನಲ್ಲಿ ಕುಣಿಸಬಹುದು. ಕುಣಿಸಲಿ, ಒಳ್ಳೆಯದೇ.

ಆದರೆ ಅವಳ ಮಾತು, ರಾಗ, ನಗೆ ಎಲ್ಲವನ್ನೂ ತಲೆಮಾರುಗಳಿಂದ ಕಾಪಾಡಿದ ಮನೆತನಗಳಿವೆ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು 2025ರಲ್ಲಿ, ಅವರು ತೊಂಬತ್ತು ದಾಟಿದ ಮೇಲೆ.

ಈಗ ಯಾರ ದನಿಯನ್ನಾದರೂ ಫೋನಿನಲ್ಲೇ ನಕಲು ಮಾಡಬಹುದು. ನಿಮ್ಮೂರಿನ ಸೋಬಾನೆ ಹಾಡುವ ಅಜ್ಜಿಯ ದನಿ ಹಿಡಿಯುವ ಮುನ್ನ ಅವರನ್ನು ಒಂದು ಮಾತು ಕೇಳಿ. ವಿಡಿಯೋ ಹಾಕುವಾಗ ಅವರ ಹೆಸರು, ಊರು ಬರೆಯಿರಿ. ದುಡ್ಡು ಬಂದರೆ ಅವರ ಪಾಲು ಅವರಿಗೆ ಕೊಡಿ. ಎಸ್ತರ್‌ಗೆ ಆದದ್ದು ನಮ್ಮ ಅಜ್ಜಿಗೆ ಆಗುವುದು ಬೇಡ.