ಗುರುವಿಲ್ಲದ ವಾದ್ಯಗಾರನೂ ಸಂಗೀತ ಪರೀಕ್ಷೆಯೂ: ಸಕಲೇಶಪುರ–ಆಲೂರು ಮಲೆನಾಡನ್ನು ಕುರಿತು ಒಂದು ವಿಚಾರ

ಸಂಗೀತವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ನೆಲೆನಿಂತಿರುವುದು ವಿದಿತವೇ ಆಗಿದೆ. ಇದಕ್ಕೆ ಅಪವಾದವಾಗಿ ಯಾವನಾದರೊಬ್ಬನು ತಾನಾಗಿಯೇ ವಾದ್ಯವನ್ನು ಕಲಿತನೆಂದರೆ ಜನರು ಕೂಡಲೇ ಏಕಲವ್ಯನ ಹೆಸರನ್ನೆತ್ತುತ್ತಾರೆ. ಈ ಹೋಲಿಕೆ ಸುಲಭವಾದುದೇ ಹೊರತು ಅಷ್ಟೇನೂ ಸರಿಯಾದುದಲ್ಲ. ಏಕಲವ್ಯನಿಗೆ ಮಣ್ಣಿನದಾದರೂ ಒಬ್ಬ ಗುರುವಿದ್ದನು. ಆ ಕಥೆಯಲ್ಲಿ ನಮಗೆ ಹೆಚ್ಚು ಪ್ರಯೋಜನಕಾರಿಯಾದ ಸಂಗತಿ ಬೇರೊಂದಿದೆ: ಅವನ ವಿದ್ಯೆಗೆ ಸಾಕ್ಷಿಯಾದುದು ಗುರುವಲ್ಲ, ಬಾಯಿತುಂಬ ಬಾಣಗಳನ್ನು ಹೊತ್ತು ಅಪರಿಚಿತರ ಬಳಿಗೆ ಮರಳಿದ ಒಂದು ನಾಯಿ. ವಿದ್ಯೆಯನ್ನು ಕಲಿಸಿದವನು ಒಬ್ಬ, ಅದನ್ನು ಅಳೆಯುವವನು ಇನ್ನೊಬ್ಬ ಎಂಬ ಏರ್ಪಾಡೇ ಇಂದಿನ ಶ್ರೇಣೀಕೃತ ಪರೀಕ್ಷೆಗಳ ಜೀವಾಳ. ಈ ಏರ್ಪಾಡು ಹಾಸನ ಜಿಲ್ಲೆಯ ಪಶ್ಚಿಮದ ಬೆಟ್ಟಸೀಮೆಯಲ್ಲಿ ಗುರುವಿಲ್ಲದೆ ಕಲಿಯುವವನಿಗೆ ಏನನ್ನು ಕೊಟ್ಟಿತು, ಯಾವುದನ್ನು ಕೊಡಲಾರದೆ ಹೋಯಿತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸಹೊರಟಿದ್ದೇವೆ.

ಮೊದಲು ನೆಲದ ಮಾತು. ಒಂದೇ ಹಾಸನ ಜಿಲ್ಲೆಯಲ್ಲಿ ಸಂಗೀತದ ದೃಷ್ಟಿಯಿಂದ ಎರಡು ಬೇರೆ ಬೇರೆ ಲೋಕಗಳಿವೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣವು ತಲೆಮಾರುಗಳಿಂದ ವಿದ್ವಾಂಸರನ್ನು ಕೊಟ್ಟ ಊರು, ಆರ್. ಕೆ. ಶ್ರೀಕಂಠನ್ (1920–2014) ಅವರೂ ರುದ್ರಪಟ್ಟಣಂ ಸಹೋದರರೆಂದು ಪ್ರಸಿದ್ಧರಾದ ಗಾಯಕರೂ ಈ ಊರಿನ ಮೂಲದವರೇ. ಮೈಸೂರು ವೀಣೆಯ ಹಿರಿಯ ಹೆಸರಾದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು 1920ರಲ್ಲಿ ಜನಿಸಿದುದೂ ಈ ಜಿಲ್ಲೆಯಲ್ಲಿಯೇ. ಆದರೆ ಅವರ ವಿದ್ಯೆ ಪಕ್ವವಾದುದು ಮೈಸೂರಿನಲ್ಲಿ, ವೀಣೆ ವೆಂಕಟಗಿರಿಯಪ್ಪನವರ ಸನ್ನಿಧಿಯಲ್ಲಿ. ಅಗ್ರಹಾರದ ಬೀದಿಯಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. ಒಬ್ಬನ ಅಭ್ಯಾಸ ಹತ್ತು ಮಂದಿಯ ಕಿವಿಗೆ ಬೀಳುತ್ತದೆ, ತಪ್ಪಿದರೆ ಪಕ್ಕದ ಜಗುಲಿಯಿಂದಲೇ ತಿದ್ದುಪಡಿ ಬರುತ್ತದೆ. ಸಂಗೀತದ ಪರಂಪರೆ ಬೆಳೆಯಲು ಇಂತಹ ಸಾಂದ್ರತೆ ಬೇಕು.

ಆಲೂರನ್ನು ದಾಟಿ ಸಕಲೇಶಪುರದ ಕಡೆಗೆ ನಡೆದಂತೆ ಈ ಸಾಂದ್ರತೆ ಕರಗಿಹೋಗುತ್ತದೆ. ಹಿಂದೆ ಮಂಜರಾಬಾದು ಎಂದು ಕರೆಯಲ್ಪಡುತ್ತಿದ್ದ ಈ ಸೀಮೆಯಲ್ಲಿ ಮನೆಗಳು ಗದ್ದೆಯ ಅಂಚಿನಲ್ಲಿ ಒಂದು, ಗುಡ್ಡದ ಓರೆಯಲ್ಲಿ ಒಂದು ಎಂಬಂತೆ ಚದುರಿಕೊಂಡಿವೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ರಾಬರ್ಟ್ ಎಲಿಯಟ್ ಮೊದಲಾದ ಐರೋಪ್ಯ ತೋಟಗಾರರು ಬಂದು ಕಾಫಿಯ ಬೇಸಾಯವನ್ನು ವಿಸ್ತರಿಸಿದ ಮೇಲೆ ಈ ಚದುರಿಕೆ ಇನ್ನಷ್ಟು ಹೆಚ್ಚಿತೆನ್ನಬಹುದು. ತೋಟದ ಲೈನುಗಳಲ್ಲಿ ವಾಸಿಸುವ ಕೂಲಿಕಾರರ ಹಾಡು, ಹಳ್ಳಿಯ ಭಜನೆ, ಸುಗ್ಗಿಯ ಕುಣಿತ ಇವೆಲ್ಲವೂ ಇಲ್ಲಿ ಸಮೃದ್ಧವಾಗಿಯೇ ಇವೆ. ಇಲ್ಲದಿರುವುದು ವರ್ಣ ಕೃತಿಗಳನ್ನು ಕ್ರಮವಾಗಿ ಹೇಳಿಕೊಡುವ ಗುರುವಿನ ಸಾಮೀಪ್ಯ. ಆದುದರಿಂದ ಇಲ್ಲಿ ತಾನಾಗಿ ಕಲಿಯುವುದು ಹಠದ ಲಕ್ಷಣವಲ್ಲ. ಬಹುಮಟ್ಟಿಗೆ ಭೂಗೋಲದ ಫಲ.

ಇನ್ನು ಪರೀಕ್ಷೆಯ ಮಾತು. ಲಂಡನ್ನಿನಲ್ಲಿ 1872ರಲ್ಲಿ ಹುಟ್ಟಿದ ಟ್ರಿನಿಟಿ ಕಾಲೇಜು 1877ರಿಂದ ಹೊರಗಿನ ಅಭ್ಯರ್ಥಿಗಳಿಗೆ ಸಂಗೀತ ಪರೀಕ್ಷೆಗಳನ್ನು ನಡೆಸತೊಡಗಿತು. 1889ರಲ್ಲಿ ರಾಯಲ್ ಅಕಾಡೆಮಿ ಮತ್ತು ರಾಯಲ್ ಕಾಲೇಜುಗಳು ಕೂಡಿ ಅಸೋಸಿಯೇಟೆಡ್ ಬೋರ್ಡನ್ನು ಸ್ಥಾಪಿಸಿದವು. ಪರೀಕ್ಷಕನು ಊರೂರಿಗೆ ಸಂಚರಿಸಿ, ತಾನು ಎಂದೂ ಕಂಡರಿಯದ ಅಭ್ಯರ್ಥಿಯ ವಾದನವನ್ನು ಕೇಳಿ ಅಂಕ ಕೊಡುವ ಪದ್ಧತಿ ಹೀಗೆ ಬೇರೂರಿತು. ಈ ಪದವಿಗಳ ಮಾನ್ಯತೆ ನಮ್ಮ ಅರಮನೆಗೂ ತಲುಪಿದ್ದಿತು. ಪಿಯಾನೋ ವಾದನದಲ್ಲಿ ನುರಿತಿದ್ದ ಜಯಚಾಮರಾಜ ಒಡೆಯರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನೂ ಟ್ರಿನಿಟಿ ಕಾಲೇಜಿನ ಗೌರವ ಸದಸ್ಯತ್ವವನ್ನೂ ಪಡೆದರು. ಸಿಂಹಾಸನವಿದ್ದವರಿಗೂ ಹೊರಗಿನವರ ಒಪ್ಪಿಗೆ ಬೇಕೆನಿಸಿತಾದರೆ, ಬೆಟ್ಟದ ಮೇಲಿನ ಒಂಟಿ ಅಭ್ಯಾಸಿಗೆ ಅದು ಬೇಕೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ಭಾರತೀಯ ಸಂಗೀತದಲ್ಲಿ ಈ ಮಾರ್ಗವನ್ನು ಮೊದಲು ವ್ಯಾಪಕವಾಗಿ ತೆರೆದವರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಪ್ರಮುಖರು. ಅವರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. 1931ರಲ್ಲಿ ಅವರ ಶಿಷ್ಯರು ಕಟ್ಟಿದ ಮಂಡಲವು ನಡೆಸುವ ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗಳು ಉತ್ತರ ಕರ್ನಾಟಕದಲ್ಲಿ ಇಂದಿಗೂ ಬಳಕೆಯಲ್ಲಿವೆ. ದಕ್ಷಿಣದಲ್ಲಿ, ಮುಖ್ಯವಾಗಿ ಕರ್ನಾಟಕ ಸಂಗೀತಕ್ಕೆ, ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳು ರೂಢಿಗೆ ಬಂದವು. 1966ರಲ್ಲಿ ಏರ್ಪಟ್ಟ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ದೀರ್ಘಕಾಲ ಇವುಗಳನ್ನು ನಡೆಸಿತು. ಈಚೆಗೆ ಈ ಹೊಣೆಯು ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಹೈಸ್ಕೂಲಿನ ಗಣಿತವನ್ನು ಅಳೆಯುವ ಕಚೇರಿಯೇ ಕಲ್ಯಾಣಿ ರಾಗವನ್ನೂ ಅಳೆಯುತ್ತಿದ್ದುದನ್ನು ಕೆಲವರು ಹಾಸ್ಯ ಮಾಡುವುದುಂಟು. ನಮಗೆ ಅದರಲ್ಲಿ ಒಂದು ಔಚಿತ್ಯವೇ ಕಾಣುತ್ತದೆ. ಕಚೇರಿಯು ವಂಶವನ್ನು ಕೇಳುವುದಿಲ್ಲ, ಪರಂಪರೆಯನ್ನು ಕೇಳುವುದಿಲ್ಲ.

ಶ್ರೇಣಿಯೆಂಬ ಭಾವನೆ ಮಾತ್ರ ಹೊಸದಲ್ಲ. ಮಾಯಾಮಾಳವಗೌಳದಲ್ಲಿ ಸರಳೆವರಸೆ, ಜಂಟಿವರಸೆ, ಅಲಂಕಾರ, ಗೀತೆ ಎಂಬ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯವು ಹೇಳುತ್ತದೆ. ಪರೀಕ್ಷೆಯು ಈ ಹಳೆಯ ಮೆಟ್ಟಿಲುಗಳನ್ನೇ ತೆಗೆದುಕೊಂಡು, ಒಂದೊಂದರ ಮುಂದೆಯೂ ಒಂದೊಂದು ಬಾಗಿಲನ್ನು ನಿಲ್ಲಿಸಿತು. ಆದರೆ ಗುರುವಿಲ್ಲದವನು ಈ ಮೆಟ್ಟಿಲುಗಳನ್ನು ಕೆಳಗಿನಿಂದ ಹತ್ತುವುದಿಲ್ಲವೆಂಬುದು ಗಮನಾರ್ಹ. ಅವನು ಮೊದಲು ನುಡಿಸುವುದು ಕೇಳಿ ಮೆಚ್ಚಿದ ದೇವರನಾಮವನ್ನು, ಅಥವಾ ಒಂದು ಚಲನಚಿತ್ರಗೀತೆಯನ್ನು. ಪರೀಕ್ಷೆಗೆ ಕುಳಿತುಕೊಳ್ಳಬೇಕೆಂಬ ಮನಸ್ಸಾದಾಗ ಅವನು ಹಿಂದಕ್ಕೆ ನಡೆದು ಸರಳೆವರಸೆಗೆ ಬರಬೇಕಾಗುತ್ತದೆ. ಕೈಗೆ ಆಗಲೇ ಅಭ್ಯಾಸವಾಗಿಹೋದ ಬೆರಳುಗಾರಿಕೆಯನ್ನು ಬಿಡಿಸಿ ಮತ್ತೆ ಕಟ್ಟುವುದು ಹೊಸದಾಗಿ ಕಲಿಯುವುದಕ್ಕಿಂತ ಕಠಿನವಾದ ಕೆಲಸ.

ಅವನಿಗೆ ಒದಗಿದ ಗುರುಗಳು ಎರಡು: ಮುದ್ರಿತ ಪುಸ್ತಕ ಮತ್ತು ರೇಡಿಯೋ. ಇವೆರಡರ ಸ್ವಭಾವವನ್ನೂ ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳಿವೆ. ವಿದ್ಯಾರ್ಥಿಗಳ ಕೈಗೆ ಸಿಗುವ ಸಾಮಾನ್ಯ ಪಠ್ಯಪುಸ್ತಕಗಳಲ್ಲಿಯಾದರೋ ಬರಿಯ ಸ್ವರಾಕ್ಷರಗಳು, ತಾಳದ ಗೆರೆಗಳು. ಮಾಯಾಮಾಳವಗೌಳದಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಸರಳೆವರಸೆಯಲ್ಲಿ ಸ್ವರಗಳು ತಮ್ಮ ಸ್ಥಾನಗಳಲ್ಲಿ ನೆಟ್ಟಗೆ ನಿಲ್ಲುತ್ತವೆ, ಪುಸ್ತಕದಲ್ಲಿ ಕಂಡುದು ವಾದ್ಯದಲ್ಲಿ ಬಹುಮಟ್ಟಿಗೆ ಹಾಗೆಯೇ ಕೇಳುತ್ತದೆ. ತೋಡಿಗೆ ಬಂದಾಗ ಸ್ಥಿತಿ ಬೇರೆ. ಪುಸ್ತಕವು ‘ಗ’ ಎಂದು ಒಂದೇ ಅಕ್ಷರವನ್ನು ಬರೆದಿರುತ್ತದೆ. ನಾದದಲ್ಲಿ ಆ ಗಾಂಧಾರವು ತೂಗಾಡುವ ಒಂದು ಚಲನೆ. ಅಕ್ಷರವನ್ನು ನಂಬಿದವನು ಅಚ್ಚುಕಟ್ಟಾಗಿ ನುಡಿಸಿಯೂ ತೋಡಿಯನ್ನು ನುಡಿಸಿರುವುದಿಲ್ಲ. ಗುರುವಿಲ್ಲದ ಅಭ್ಯರ್ಥಿಯು ಜೂನಿಯರ್ ದರ್ಜೆಯಲ್ಲಿ ನಿರಾಯಾಸವಾಗಿ ತೇರ್ಗಡೆಯಾಗಿ ಅದರಾಚೆಗೆ ತಡವರಿಸಿದರೆ, ಆ ಎಡರಿಗೆ ಅವನ ಬುದ್ಧಿಯಲ್ಲ, ಸ್ವರಲಿಪಿಯ ಈ ಬಡತನವೇ ಕಾರಣವೆಂದು ನಾವು ಭಾವಿಸುತ್ತೇವೆ.

ಪುಸ್ತಕವು ಬಿಟ್ಟುದನ್ನು ರೇಡಿಯೋ ತುಂಬಿತು. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದರು. 1955ರಲ್ಲಿ ಬೆಂಗಳೂರು ನಿಲಯ ಬಂದಿತು. ಬಳಿಕ ಹಾಸನದಲ್ಲಿಯೇ ಒಂದು ನಿಲಯವಾಯಿತು. ತೋಟದ ಮನೆಯಲ್ಲಿ ಕುಳಿತು ದೊಡ್ಡ ವಿದ್ವಾಂಸರ ತೋಡಿಯನ್ನು ಕೇಳುವುದು ಸಾಧ್ಯವಾಯಿತು. ಆದರೆ ರೇಡಿಯೋ ಕಿವಿಗೆ ಹೇಳುತ್ತದೆಯೇ ಹೊರತು ಕೈಯನ್ನು ತೋರಿಸುವುದಿಲ್ಲ. ಪಿಟೀಲಿನಲ್ಲಿ ಆ ಜಾರು ಯಾವ ಬೆರಳಿನದು, ವೀಣೆಯಲ್ಲಿ ತಂತಿಯನ್ನು ಎಳೆದರೋ ಮುಂದಿನ ಮೆಟ್ಟಿಗೆ ಸರಿದರೋ, ಕೊಳಲಿನ ರಂಧ್ರವನ್ನು ಅರ್ಧ ತೆರೆದರೋ ಪೂರ್ತಿ ತೆರೆದರೋ, ಇದನ್ನು ಕೇಳುಗನು ತಾನೇ ಊಹಿಸಿಕೊಳ್ಳಬೇಕು. ಹೀಗೆ ಊಹಿಸಿದವರಲ್ಲಿ ಕೆಲವರ ಊಹೆಯೇ ಹೊಸ ಪದ್ಧತಿಯಾದುದಕ್ಕೂ ನಿದರ್ಶನವಿದೆ. ಕೊಳಲಿನ ಟಿ. ಆರ್. ಮಹಾಲಿಂಗಂ (1926–1986) ಅವರು ಆ ವಾದ್ಯವನ್ನು ಬಹುಮಟ್ಟಿಗೆ ತಾವಾಗಿಯೇ ಸಾಧಿಸಿಕೊಂಡವರು. ಗಾಯನವನ್ನು ಕೇಳಿ ಅದರ ಗಮಕಗಳನ್ನು ಬಿದಿರಿನಲ್ಲಿ ಹುಡುಕಿದವರು. ಅವರು ಕಂಡುಕೊಂಡ ಬೆರಳುಗಾರಿಕೆಯನ್ನು ಮುಂದಿನವರು ಶಿಷ್ಯವೃತ್ತಿಯಿಂದ ಕಲಿತರು. ಆದರೆ ಒಬ್ಬ ಮಹಾಲಿಂಗಂ ಅವರನ್ನು ತೋರಿಸಿ ಗುರುವೇ ಬೇಡವೆನ್ನುವ ವಾದವನ್ನು ನಾವು ಒಪ್ಪುವುದಿಲ್ಲ.

ರೇಡಿಯೋ ತಾನೂ ಒಂದು ಪರೀಕ್ಷಾಸಂಸ್ಥೆಯಾಗಿ ಬೆಳೆಯಿತೆಂಬುದನ್ನು ಮರೆಯಲಾಗದು. ಬಿ. ವಿ. ಕೇಸ್ಕರರು ಸಚಿವರಾಗಿದ್ದ ಕಾಲದಲ್ಲಿ (1952–1962) ಕಲಾವಿದರನ್ನು ಧ್ವನಿಪರೀಕ್ಷೆಯಿಂದ ಶ್ರೇಣಿಗಳಲ್ಲಿ ವಿಂಗಡಿಸುವ ಪದ್ಧತಿ ಬಲಗೊಂಡಿತು. ಆ ಕಾಲದಲ್ಲಿಯೇ ಹಾರ್ಮೋನಿಯಂ ವಾದ್ಯಕ್ಕೆ ಆಕಾಶವಾಣಿಯಲ್ಲಿ ಪ್ರವೇಶವಿರಲಿಲ್ಲ. 1940ರಲ್ಲಿ ಹೇರಿದ ನಿಷೇಧವು ಸಡಿಲವಾದುದು 1971ರ ಹೊತ್ತಿಗೆ. ಗಮಕಕ್ಕೆ ಒಗ್ಗದ ವಾದ್ಯವೆಂಬ ಆಕ್ಷೇಪಣೆಯಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಗುರುವಿಲ್ಲದವನಿಗೆ ಅತ್ಯಂತ ಸುಲಭವಾಗಿ ಒಲಿಯುವ ವಾದ್ಯವೂ ಅದೇ. ಭಜನಮಂದಿರದಲ್ಲಿ ಸಿಗುವುದು ಅದೇ. ಶ್ರುತಿ ಕೂಡಿಸಬೇಕಾದ ತೊಂದರೆಯೂ ಇಲ್ಲ. ಹೀಗಾಗಿ ಹಳ್ಳಿಯು ಕೊಟ್ಟ ವಾದ್ಯವೊಂದು, ಪಟ್ಟಣದ ಮಾನ್ಯತೆ ಇನ್ನೊಂದಕ್ಕೆ ಎಂಬ ವಿರಸವು ಹುಟ್ಟಿತು.

ಮಲೆನಾಡಿನ ಮಳೆಯೂ ಇಲ್ಲಿ ಒಂದು ಪಾತ್ರವನ್ನು ವಹಿಸುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ತೇವದಲ್ಲಿ ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಪಿಟೀಲಿನ ಬಿರಡೆಗಳು ಉಬ್ಬಿ ಬಿಗಿಯುತ್ತವೆ. ಹಾರ್ಮೋನಿಯಂನ ರೀಡುಗಳು ಕಿಲುಬು ಹಿಡಿಯುತ್ತವೆ. ಶ್ರುತಿಯ ಸೂಕ್ಷ್ಮಜ್ಞಾನ ಇನ್ನೂ ಬಾರದ ಅಭ್ಯಾಸಿಗೆ ತಪ್ಪು ತನ್ನ ಬೆರಳಿನದೋ ವಾದ್ಯದ್ದೋ ತಿಳಿಯುವುದಿಲ್ಲ. ಒಂಟಿಯಾಗಿ ನುಡಿಸುವವನಿಗೆ ತಾಳವನ್ನು ಹಿಡಿಯುವವರೂ ಇರುವುದಿಲ್ಲ. ಕಷ್ಟವಾದ ಸಂಗತಿಯಲ್ಲಿ ಕಾಲ ನಿಧಾನವಾಗುತ್ತದೆ, ಸುಲಭವಾದುದರಲ್ಲಿ ಓಡುತ್ತದೆ, ಮನೆಯಲ್ಲಿ ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಮೂರು ಕಾಲದಲ್ಲಿ ವರ್ಣವನ್ನು ನುಡಿಸೆಂದು ಪರೀಕ್ಷಕರು ಕೇಳಿದಾಗಲೇ ಅದು ಬಯಲಾಗುವುದು. ಶಾಸ್ತ್ರಭಾಗದಲ್ಲಿಯಾದರೋ ಅವನು ಹೆದರಬೇಕಾದುದಿಲ್ಲ. ವೆಂಕಟಮಖಿಯ ಎಪ್ಪತ್ತೆರಡು ಮೇಳಗಳನ್ನು ಪುಸ್ತಕದಿಂದ ಕಲಿಯಲು ಯಾವ ಅಡ್ಡಿಯೂ ಇಲ್ಲ. ಓದಿನಿಂದಲೇ ಬೆಳೆದವನಾದುದರಿಂದ ಲಿಖಿತ ಪತ್ರಿಕೆಯಲ್ಲಿ ಅವನು ಗುರುಕುಲದವನನ್ನು ಮೀರಿಸುವುದೂ ಅಸಂಭವವಲ್ಲ.

ಸಂಚಾರವೂ ಸುಗಮವಾಗಿರಲಿಲ್ಲ. ಹಾಸನ–ಮಂಗಳೂರು ರೈಲುಮಾರ್ಗವು ಪೂರ್ಣಗೊಂಡುದು 1979ರಲ್ಲಿ. ಹಳಿಗಳ ಅಗಲವನ್ನು ಬದಲಿಸುವುದಕ್ಕಾಗಿ 1996ರಲ್ಲಿ ನಿಂತ ಪ್ರಯಾಣಿಕರ ಸೇವೆ ಮರಳಿದುದು 2007ರ ಕೊನೆಗೆ. ಬಸ್ಸಿನಲ್ಲಿ ವೀಣೆಯನ್ನು ಸಾಗಿಸಿದವರು ಮೇಣದ ಮೇಲೆ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟುಗಳ ಸೂಕ್ಷ್ಮವನ್ನು ಬಲ್ಲರು. 2020ರ ಸಾಂಕ್ರಾಮಿಕದ ವರ್ಷದಲ್ಲಿ ಲಂಡನ್ನಿನ ಎರಡೂ ಸಂಸ್ಥೆಗಳು ಅಭ್ಯರ್ಥಿಯು ಮನೆಯಲ್ಲಿಯೇ ಚಿತ್ರೀಕರಿಸಿ ಕಳುಹಿಸಿದ ವಾದನವನ್ನು ಪರೀಕ್ಷೆಗೆ ಅಂಗೀಕರಿಸತೊಡಗಿದವು. ಪಾಶ್ಚಾತ್ಯ ಪಿಟೀಲು ಅಥವಾ ಗಿಟಾರನ್ನು ನುಡಿಸುವ ಮಲೆನಾಡಿನ ಹುಡುಗನಿಗೆ ಇದರಿಂದ ಕೇಂದ್ರದ ದೂರವು ಅಳಿಯಿತೆಂದೇ ಹೇಳಬೇಕು. ಆ ಚಿತ್ರದಲ್ಲಿ ಕೈಯೂ ಕಾಣುತ್ತದೆ. ರೇಡಿಯೋ ತೋರಿಸದಿದ್ದುದನ್ನು ಇಲ್ಲಿ ಪರೀಕ್ಷಕನು ನೋಡುತ್ತಾನೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಪ್ರಮಾಣಪತ್ರದಲ್ಲಿ ದೊರೆಯುವುದು ಹೆಸರು, ವಾದ್ಯ, ದರ್ಜೆ, ವರ್ಷ ಇಷ್ಟೇ. ಕಲಿಕೆಯ ಕಥೆ ಅದರಲ್ಲಿಲ್ಲ. ಅದು ಉಳಿದಿರುವುದು ಅಭ್ಯಾಸಿಗಳು ರೇಡಿಯೋ ಕೇಳುತ್ತ ಸ್ವರಗಳನ್ನು ಗೀಚಿಕೊಂಡ ನೋಟು ಪುಸ್ತಕಗಳಲ್ಲಿ. ಗಮಕಕ್ಕೆಂದು ಒಬ್ಬೊಬ್ಬರೂ ತಮಗೆ ತೋಚಿದಂತೆ ಹಾಕಿಕೊಂಡ ಗುರುತುಗಳನ್ನು ಹೋಲಿಸಿ ನೋಡುವುದು ಒಂದು ಸಂಶೋಧನೆಗೆ ಸಾಕಾಗುವ ವಿಷಯ. ಮಲೆನಾಡಿನ ಮನೆಗಳಲ್ಲಿ ಕಾಗದಕ್ಕೆ ಗೆದ್ದಲೂ ತೇವವೂ ಶತ್ರುಗಳು. ಈ ಕೆಲಸವನ್ನು ಬೇಸಗೆಯ ರಜೆಯಲ್ಲಿಯೇ ಕೈಗೊಳ್ಳುವುದು ಲೇಸು.